ಜಿಲ್ಲಾ ಆವೃತ್ತಿ ನಿಂತಿತು, ರಾಜೀನಾಮೆಗೆ ಸಹಿ ಹಾಕಲೇ?

ಸದ್ಯಕ್ಕೆ ಸಹಿ ಹಾಕಬೇಡಿ. ಪತ್ರಿಕೆಯವರು ಜಿಲ್ಲಾ ಆವೃತ್ತಿ ಮುಚ್ಚಿ, ಎಂಟು ವರ್ಷ ದುಡಿದ ಉಪಸಂಪಾದಕರಾದ ನಿಮ್ಮಿಂದ ರಾಜೀನಾಮೆ ಕೇಳುವುದಕ್ಕೆ ಮುಖ್ಯ ಕಾರಣ ಹಣವೇ ಇರಬೇಕು: ಅವರೇ ತೆಗೆದರೆ ಅದು ರಾಜೀನಾಮೆಯಲ್ಲ, ರಿಟ್ರೆಂಚ್‌ಮೆಂಟ್ (ಸಂಸ್ಥೆಯೇ ಕೆಲಸದಿಂದ ತೆಗೆಯುವುದು), ಪರಿಹಾರ ಕೊಡಲೇಬೇಕು. ನೀವೇ ಬಿಟ್ಟರೆ ಆ ಬಾಬ್ತು ಹೋಯಿತು.

ಮೊದಲು ಇಂದೇ ನೇಮಕಾತಿ ಪತ್ರ, ಸಂಬಳ ಚೀಟಿ, ಹಾಜರಾತಿ ವಿವರ, ನಿಮ್ಮ ಹೆಸರಿರುವ ಪುಟಗಳನ್ನು ಸ್ವಂತ ಫೋನಿಗೆ ಇಳಿಸಿಕೊಳ್ಳಿ. ಆಫೀಸಿನ ಇಮೇಲ್ ಯಾವ ಗಳಿಗೆಯಲ್ಲಾದರೂ ಬಂದ್ ಆಗುತ್ತದೆ, ಬಹುತೇಕರು ಎಡವುವುದು ಇಲ್ಲೇ. ಆಮೇಲೆ ಎಚ್‌ಆರ್‌ಗೆ (ಸಿಬ್ಬಂದಿ ವಿಭಾಗಕ್ಕೆ) ಎರಡೇ ಸಾಲು ಬರೆಯಿರಿ: "ನಾನು ಕೆಲಸಕ್ಕೆ ಸಿದ್ಧನಿದ್ದೇನೆ. ತೆಗೆಯುವುದಾದರೆ ಕಾರಣ ಸಹಿತ ಲಿಖಿತ ನೋಟಿಸ್ ಕೊಡಿ." ಬಾಯಿಮಾತಿನ ಭರವಸೆಗೆ ಒಪ್ಪಬೇಡಿ.

ಲೆಕ್ಕ ಹೀಗೆ. ಪರಿಹಾರ, ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ. ಗ್ರಾಚ್ಯುಟಿ (ಸೇವೆಗಾಗಿ ಕೊಡುವ ಇಡಿಗಂಟು) ಬೇರೆ, ಪತ್ರಕರ್ತರಿಗೆ 5 ಅಲ್ಲ, 3 ವರ್ಷ ಸೇವೆ ಸಾಕು: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದರೆ 26,000 × 15 ÷ 26 × 8, ಅಂದರೆ 1,20,000 ರೂಪಾಯಿ. ಬಾಕಿ ರಜೆ, ಪಿಎಫ್ ಇದರ ಮೇಲೆ.

ನಿಮ್ಮದು ಗುತ್ತಿಗೆ ನೇಮಕವೋ ಕಾಯಂ ನೇಮಕವೋ ಹೇಳಿಲ್ಲ. ಗುತ್ತಿಗೆಯಾದರೆ ಪರಿಹಾರದ ಲೆಕ್ಕ ಬದಲಾಗಬಹುದು. ಒಂದು ವಾರದಲ್ಲಿ ಲಿಖಿತ ಉತ್ತರ ಬಾರದಿದ್ದರೆ ಇದೇ ದಾಖಲೆ ಹಿಡಿದು ಜಿಲ್ಲಾ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.