ಹೇಳಿ ಮಾಡಿಸುವ ಗಿಟಾರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಕೌಸ್ಟಿಕ್ ಗಿಟಾರ್ ಮಾಡಿಕೊಡಲು ಗಿಟಾರ್ ತಯಾರಕರೊಬ್ಬರಿಗೆ ಹೇಳಿ ಮೂರು ತಿಂಗಳಾಯಿತು. ಟಾಪ್ ಹಲಗೆ (ತಂತಿಗಳ ಅಡಿಯ ಮುಂಬದಿ) ಜೋಡಿಸಿ ಆಗಿದೆ, ಅದಕ್ಕೆ ಒಳಗಿನಿಂದ ಬಲ ಕೊಡುವ ಬ್ರೇಸ್ ಪಟ್ಟಿಗಳನ್ನೂ ಕತ್ತರಿಸಿಟ್ಟಿದ್ದೇನೆ ಎಂದು ಫೋಟೊ ಕಳಿಸಿದ್ದರು. ಈಗ ‘ಹವೆಯಲ್ಲಿ ತೇವ ಜಾಸ್ತಿ, ಅಂಟು ಹಾಕುವುದಿಲ್ಲ’ ಎನ್ನುತ್ತಾರೆ. ಕೆಲಸ ಮುಂದೂಡುವ ನೆಪವಲ್ಲವೇ ಇದು?

ಉತ್ತರ: ಅಲ್ಲ. ಹಾಗೆ ಹೇಳುವವರ ಕೈಯಲ್ಲಿ ನಿಮ್ಮ ಗಿಟಾರ್ ಇದೆಯೆಂದು ನೆಮ್ಮದಿಯಿಂದಿರಿ. ಮರ ತೇವ ಕುಡಿದರೆ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಟಾಪ್‌ನ ಎಳೆ ತಂತಿಗಳ ದಿಕ್ಕಿನಲ್ಲೇ ಸಾಗುತ್ತದೆ. ಬ್ರೇಸ್‌ಗಳು ಅದಕ್ಕೆ ಓರೆಯಾಗಿಯೋ ಅಡ್ಡವಾಗಿಯೋ ಕೂರುತ್ತವೆ. ಹಲಗೆ ಕುಗ್ಗಲು ಹೊರಟರೆ ಬ್ರೇಸ್ ಬಿಡುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಸ್ಪ್ರೂಸ್ ಮರದ ಟಾಪ್‌ನ ಅತಿ ಅಗಲದ ಜಾಗ 400 ಮಿ.ಮೀ. ಇದೆ ಎನ್ನಿ. 70% ಆರ್ದ್ರತೆಗೆ ಒಗ್ಗಿದ್ದ ಅದು 35%ರ ಹವೆಗೆ ಬಂದರೆ ಸುಮಾರು 3 ಮಿ.ಮೀ. ಕಿರಿದಾಗಲು ನೋಡುತ್ತದೆ. ಅಂಟು ಹಿಡಿದುಕೊಂಡಿರುವುದರಿಂದ ಮೊದಲು ಒಳಕ್ಕೆ ಕುಸಿಯುತ್ತದೆ, ಆಮೇಲೆ ಎಳೆಗುಂಟ ಸೀಳುತ್ತದೆ. ಹಿಂಬದಿಯ ಹಲಗೆಗೆ ಅಪಾಯ ಇನ್ನೂ ಹೆಚ್ಚು, ಅಲ್ಲಿ ಬ್ರೇಸ್‌ಗಳು ನೇರ ಅಡ್ಡಕ್ಕೇ ಇರುತ್ತವೆ.

ಆದ್ದರಿಂದ ಬ್ರೇಸ್ ಅಂಟಿಸುವುದು 40ರಿಂದ 50% ಆರ್ದ್ರತೆಯಲ್ಲಿ, ಅದೂ ಹಲಗೆಗಳು ಆ ಹವೆಯಲ್ಲೇ ಕೆಲವು ದಿನ ಕಳೆದ ಮೇಲೆ. ತುಸು ಒಣಗಿದ್ದಾಗ ಅಂಟಿಸಿದರೆ ಮುಂದೆ ತೇವದಲ್ಲಿ ಟಾಪ್ ಉಬ್ಬೀತು, ತಂತಿ ಕೊಂಚ ಮೇಲೇಳಬಹುದು, ಆದರೆ ಹಲಗೆ ಸೀಳುವುದಿಲ್ಲ. ಅಗ್ಗದ ಆರ್ದ್ರತಾ ಮೀಟರ್‌ಗಳು ಹತ್ತು ಅಂಕ ಆಚೀಚೆ ತೋರಿಸುವುದುಂಟು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದೆ ಕೆಸರಾಗುವಷ್ಟೇ ನೀರು ಬೆರೆಸಿ, ಮೀಟರ್ ಜೊತೆಗೆ ಜಿಪ್ ಚೀಲದಲ್ಲಿ ಮುಚ್ಚಿಡಿ. ಮಾರನೆಯ ದಿನ 75% ತೋರಿಸಬೇಕು. ಎಷ್ಟು ತಪ್ಪಿದೆಯೋ ಅಷ್ಟನ್ನು ಲೆಕ್ಕಕ್ಕೆ ಹಿಡಿದುಕೊಂಡರಾಯಿತು.

ಪ್ರಶ್ನೆ: ಬ್ರೇಸ್ ಅಂಟಿಸಿದ ಮೇಲಿನ ಫೋಟೊದಲ್ಲಿ ಟಾಪ್ ಚಪ್ಪಟೆಯಾಗಿಲ್ಲ, ನಡುವೆ ಉಬ್ಬಿದಂತಿದೆ. ಹಲಗೆ ಸೊಟ್ಟಗಾಗಿದೆಯೇ?

ಉತ್ತರ: ಬೇಕೆಂದೇ ಕೊಟ್ಟ ಉಬ್ಬು ಅದು. ಬ್ರೇಸ್‌ನ ಅಂಟುವ ಬದಿಯನ್ನು ಸುಮಾರು 8.5 ಮೀಟರ್ ತ್ರಿಜ್ಯದ ಬಾಗಿಗೆ ಉಜ್ಜಿ, ಅದೇ ಬಾಗಿನ ತಟ್ಟೆಯಲ್ಲಿಟ್ಟು ಅಂಟಿಸುತ್ತಾರೆ. 400 ಮಿ.ಮೀ. ಅಗಲಕ್ಕೆ ನಡುವೆ ಎರಡು ಮಿ.ಮೀ. ಚಿಲ್ಲರೆ ಎತ್ತರ ಬರುತ್ತದೆ. ಹಿಂಬದಿಗೆ ಬಾಗು ಇನ್ನೂ ಜಾಸ್ತಿ, 4.5 ಮೀಟರ್ ತ್ರಿಜ್ಯ. ಹವೆ ಒಣಗಿದಾಗ ಸೀಳುವ ಮೊದಲು ಸ್ವಲ್ಪ ಇಳಿಯಲು ಹಲಗೆಗೆ ಈ ಉಬ್ಬೇ ಅವಕಾಶ.

ಪ್ರಶ್ನೆ: ಅಂಟಿಸಿದ ಬ್ರೇಸ್‌ಗಳನ್ನು ಮತ್ತೆ ಉಳಿಯಿಂದ ಕೆತ್ತುತ್ತಾರೆ, ತಟ್ಟಿ ಕೇಳುತ್ತಾರೆ. ಎಷ್ಟು ಕೆತ್ತಿದರೆ ಸಾಕು?

ಉತ್ತರ: ಇಡೀ ಕೆಲಸದಲ್ಲಿ ಕೈ ನಡುಗಬೇಕಾದ ಜಾಗ ಇದೊಂದೇ. ಉಕ್ಕಿನ ತಂತಿಯ ಗಿಟಾರ್‌ಗೆ ಟಾಪ್ ಸುಮಾರು 2.8 ಮಿ.ಮೀ. ದಪ್ಪ. ಅದರಡಿ ಎಕ್ಸ್ ಆಕಾರದಲ್ಲಿ ದಾಟುವ ಎರಡು ಮುಖ್ಯ ಬ್ರೇಸ್‌ಗಳು 8 ಮಿ.ಮೀ. ಅಗಲ, ದಾಟುವಲ್ಲಿ 15–16 ಮಿ.ಮೀ. ಎತ್ತರ, ತುದಿಯಲ್ಲಿ ಎರಡು ಮಿ.ಮೀ.ಗೆ ಇಳಿಯುತ್ತವೆ. (ಮಾರ್ಟಿನ್ ಕಂಪನಿ 1840ರ ದಶಕದಲ್ಲಿ ಇದನ್ನು ಬಳಸಿದ್ದು ಕರುಳಿನ ತಂತಿಯ ಗಿಟಾರ್‌ಗಳಿಗೆ, ಉಕ್ಕಿನ ಎಳೆತಕ್ಕೆ ಒದಗಿದ್ದು ಆಮೇಲೆ.) ಬ್ರೇಸ್‌ನ ಬಿಗಿ ಅಗಲಕ್ಕೆ ನೇರವಾಗಿ ಬದಲಾದರೆ, ಎತ್ತರಕ್ಕೆ ಘನದ ಲೆಕ್ಕದಲ್ಲಿ ಬದಲಾಗುತ್ತದೆ. 16 ಮಿ.ಮೀ. ಇದ್ದದ್ದನ್ನು 14ಕ್ಕೆ ಇಳಿಸಿದಿರೋ, ಮೂರರಲ್ಲೊಂದು ಪಾಲು ಬಿಗಿ ಹೋಯಿತು. ಅದಕ್ಕೇ ಒಂದೆರಡು ಸಿಪ್ಪೆ ತೆಗೆದು, ತಟ್ಟಿ, ಕೈಯಲ್ಲಿ ಬಾಗಿಸಿ ನೋಡಿ, ಮತ್ತೆ ಉಳಿ ಎತ್ತುವುದು.

ಕಡಿಮೆ ಕೆತ್ತಿದರೆ ದನಿ ಬಿಗಿದು ಸಣಕಲಾಗುತ್ತದೆ, ಅದಕ್ಕೆ ಮದ್ದಿದೆ. ಹೆಚ್ಚು ಕೆತ್ತಿದರೆ ಆರಂಭದಲ್ಲಿ ಗುಂಯ್ ಎನ್ನುವ ದನಿ ಎಲ್ಲರಿಗೂ ಹಿಡಿಸುತ್ತದೆ. ಆದರೆ ಆರು ತಂತಿಗಳು ಸೇರಿ ಎಳೆಯುವುದು 70 ಕೆ.ಜಿ.ಗೂ ಹೆಚ್ಚು. ದಿನ ಕಳೆದಂತೆ ಬ್ರಿಡ್ಜ್‌ನ (ತಂತಿಗಳನ್ನು ಟಾಪ್ ಮೇಲೆ ಹಿಡಿದಿಡುವ ಮರದ ತುಂಡು) ಹಿಂದೆ ಹೊಟ್ಟೆ ಬರುತ್ತದೆ, ಮುಂದೆ ಗುಳಿ ಬೀಳುತ್ತದೆ. ಫೋಟೊದಲ್ಲಿ ಎರಡು ಬ್ರೇಸ್‌ಗಳು ದಾಟುವ ಜಾಗ ನೋಡಿ. ಅರ್ಧರ್ಧ ಕಚ್ಚು ಹಾಕಿ ಕೂರಿಸಿರುತ್ತಾರೆ, ಅದರಲ್ಲಿ ಒಂದರ ಕಚ್ಚು ಮೇಲಕ್ಕೆ ಬಾಯ್ತೆರೆದಿರುತ್ತದೆ. ಅದರ ಮೇಲೆ ತೆಳು ಮರದ ತುಂಡೋ ಅಂಟಿನಲ್ಲಿ ನೆನೆಸಿದ ಬಟ್ಟೆಯೋ ಇರಬೇಕು. ಇಲ್ಲದಿದ್ದರೆ ಏಕೆಂದು ಕೇಳಿ.

ಪ್ರಶ್ನೆ: ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಪಟ್ಟಿ, ಅಂದರೆ ಸ್ಯಾಡಲ್, ಓರೆಯಾಗಿದೆ. ಅಳೆದರೆ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) ಇರುವ ದೂರಕ್ಕಿಂತ ಅಲ್ಲಿಂದ ಸ್ಯಾಡಲ್‌ಗೆ ದೂರ ಹೆಚ್ಚು. ತಪ್ಪಾಗಿದೆಯೇ?

ಉತ್ತರ: ಎರಡೂ ಸಮ ಬಂದಿದ್ದರೆ ಚಿಂತೆ ಪಡಬೇಕಿತ್ತು. 645 ಮಿ.ಮೀ. ಸ್ಕೇಲ್ (ಫ್ರೆಟ್‌ಗಳ ಲೆಕ್ಕಕ್ಕೆ ಹಿಡಿಯುವ ತಂತಿಯ ಉದ್ದ) ಎಂದರೆ ಅದನ್ನು 17.817ರಿಂದ ಭಾಗಿಸಿ ಮೊದಲ ಫ್ರೆಟ್ 36.2ಕ್ಕೆ, ಉಳಿದದ್ದನ್ನು ಮತ್ತೆ ಭಾಗಿಸಿ ಎರಡನೆಯದು, ಹೀಗೆ ಸಾಗಿ 12ನೆಯದು 322.5ರಲ್ಲಿ. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಕೊಂಚ ಹಿಗ್ಗಿ ಶ್ರುತಿ ಏರುತ್ತದೆ. ಆ ಏರಿಕೆ ಸರಿದೂಗಲು ಒಂದನೇ ತಂತಿಗೆ ಸುಮಾರು 2 ಮಿ.ಮೀ., ದಪ್ಪಗಿನ ಆರನೆಯದಕ್ಕೆ 4–5 ಮಿ.ಮೀ. ಸ್ಯಾಡಲನ್ನು ಹಿಂದೆ ಸರಿಸುತ್ತಾರೆ. ಟೇಪ್ ಬದಿಗಿಟ್ಟು ಕಿವಿಯಿಂದಲೇ ನೋಡಿ: 12ನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಬರುವ ಹಾರ್ಮೋನಿಕ್ಕೂ ಅಲ್ಲೇ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರಬೇಕು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಇನ್ನೂ ಹಿಂದೆ ಹೋಗಬೇಕು.

ಪ್ರಶ್ನೆ: ಅಂದವಾಗಿ ಪಾಲಿಶ್ ಆಗಿದ್ದ ಟಾಪನ್ನು ಬ್ರಿಡ್ಜ್ ಕೂರಿಸಲು ಕೆರೆದುಹಾಕಿದ್ದಾರಲ್ಲ?

ಉತ್ತರ: ಕೆರೆಯಲೇಬೇಕು. ಅಂಟು ಹಿಡಿಯುವುದು ಬರಿ ಮರವನ್ನು, ಲ್ಯಾಕರ್ (ಪಾಲಿಶ್‌ನ ಪದರ) ಮೇಲೆ ಅಂಟಿಸಿದ ಬ್ರಿಡ್ಜ್ ಎದ್ದುಬರುತ್ತದೆ. ನೋಡಬೇಕಾದ್ದು ಕೆರೆಯಲು ಬ್ರಿಡ್ಜ್‌ನ ಅಂಚಿನುದ್ದಕ್ಕೆ ಚಾಕುವಿನಿಂದ ಗೆರೆ ಕೊಯ್ದ ಆಳವನ್ನು. ಚಾಕು ಲ್ಯಾಕರ್ ದಾಟಿ ಸ್ಪ್ರೂಸ್‌ಗೆ ಇಳಿದಿದ್ದರೆ ಅಲ್ಲಿನ ಎಳೆಗಳು ತುಂಡಾಗಿರುತ್ತವೆ, ಬ್ರಿಡ್ಜ್‌ನ ಹಿಂದಿನ ಅಂಚಿನಲ್ಲಿ ಟಾಪ್ ಸೋಲುವುದು ಅದೇ ಗೆರೆಯಿಂದ.