ದೊಡ್ಡ ಕಂಪನಿಯೋ, ಸಣ್ಣ ಕಂಪನಿಯೋ: ಸ್ಟುಟ್‌ಗಾರ್ಟ್‌ನಿಂದ ಒಂದು ಉತ್ತರ

ಜರ್ಮನಿಯ ಸ್ಟುಟ್‌ಗಾರ್ಟ್‌ನ ಬಹುರಾಷ್ಟ್ರೀಯ ಕಂಪನಿಯೊಂದರಿಂದಲೂ, ಹತ್ತಿರದ ಊರಿನಲ್ಲಿ ಒಂದೇ ಕುಟುಂಬ ನಡೆಸುತ್ತಿರುವ ಯಂತ್ರ ತಯಾರಿಕೆಯ ಕಂಪನಿಯಿಂದಲೂ ಕೆಲಸ ಸಿಕ್ಕಿದೆ, ಯಾವುದನ್ನು ಒಪ್ಪಿಕೊಳ್ಳಲಿ ಎಂದು ಕೇಳಿದ್ದೀರಿ. ಬೆಂಗಳೂರಿನಿಂದ ಮೊದಲ ಬಾರಿಗೆ ಹೊರಡುವವರಿಗೆ ದೊಡ್ಡ ಕಂಪನಿಯೇ ಲೇಸು ಎಂಬುದು ನನ್ನ ಅಭಿಪ್ರಾಯ.

ನಾನು ಬಂದಾಗ ವೀಸಾದ ಕಾಗದಪತ್ರ, ಬಾಡಿಗೆ ಮನೆ, ಪುರಸಭೆಯಲ್ಲಿ ವಿಳಾಸದ ನೋಂದಣಿ, ಎಲ್ಲವನ್ನೂ ಕಂಪನಿಯವರೇ ಮುಂದೆ ನಿಂತು ಮಾಡಿಸಿಕೊಟ್ಟರು. ಜರ್ಮನ್ ಭಾಷೆಯ ಒಂದಕ್ಷರವೂ ಬಾರದವನಿಗೆ ಅದು ಎಷ್ಟು ದೊಡ್ಡ ಆಸರೆಯೆಂಬುದು ಇಲ್ಲಿ ಬಂದಿಳಿದ ಮೇಲೆಯೇ ಅರ್ಥವಾಗುತ್ತದೆ. ವಾರಕ್ಕೆ 5 ದಿನ ದುಡಿಯುವವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ರಜೆ. ದೊಡ್ಡ ಕಂಪನಿಗಳಲ್ಲಿ 30 ದಿನ ಸಾಮಾನ್ಯ, ಅಷ್ಟಿದ್ದರೆ ಮನೆಯ ಮದುವೆಗೂ ಊರ ಜಾತ್ರೆಗೂ ಹೋಗಿಬರಬಹುದು. ಸಣ್ಣ ಕಂಪನಿಯಲ್ಲಿ ಇಡೀ ಯಂತ್ರವನ್ನು ಬಲ್ಲವರಾಗುತ್ತೀರಿ, ದೊಡ್ಡದರಲ್ಲಿ ಅದರ ಒಂದು ಮೂಲೆಯನ್ನು ಮಾತ್ರ. ಈ ಕೊರತೆ ನಿಜವೇ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಮೇಲಧಿಕಾರಿ ಒಳ್ಳೆಯವರಾಗಿದ್ದರೆ ಕೆಲಸಕ್ಕೆ ಭಯವಿಲ್ಲವೆಂದು ನಾವು ನಂಬಿ ಬೆಳೆದವರು. ಆದರೆ ಬಹುರಾಷ್ಟ್ರೀಯ ಕಂಪನಿಯಲ್ಲಿ ನಿಮ್ಮ ವಿಭಾಗ ಉಳಿಯಬೇಕೋ ಬೇಡವೋ ಎಂಬುದನ್ನು ಬೇರೊಂದು ದೇಶದಲ್ಲಿ ಕುಳಿತವರು ತೀರ್ಮಾನಿಸುತ್ತಾರೆ. ನಿಮ್ಮ ಮೇಲಧಿಕಾರಿಗೂ ಅದು ಕೊನೆಯಲ್ಲಿಯೇ ತಿಳಿಯಬಹುದು. ನಾನು ಹಿಂದೆ ದುಡಿಯುತ್ತಿದ್ದಲ್ಲಿ ಪಕ್ಕದ ವಿಭಾಗವನ್ನು ಮುಚ್ಚಿದಾಗ, ಧಾರವಾಡದ ಕಡೆಯ ಗೆಳೆಯರೊಬ್ಬರನ್ನು ಕರೆದು, ಪರಸ್ಪರ ಒಪ್ಪಿಗೆಯಿಂದ ಕೆಲಸ ಬಿಡುವ 'ಔಫ್‌ಹೇಬುಂಗ್ಸ್‌ಫರ್ಟ್ರಾಗ್' ಎಂಬ ಒಪ್ಪಂದವನ್ನು ಮುಂದಿಟ್ಟರು. ದೊಡ್ಡವರು ಕೊಟ್ಟ ಕಾಗದವನ್ನು ಬೇಡವೆನ್ನುವುದು ಹೇಗೆಂಬ ಸಂಕೋಚದಿಂದ ಅವರು ಅಲ್ಲಿಯೇ ಸಹಿ ಹಾಕಿದರು. ಹಾಗೆ ಸಹಿ ಮಾಡಿದರೆ ನಿರುದ್ಯೋಗ ಭತ್ಯೆಯನ್ನು 12 ವಾರಗಳವರೆಗೆ ತಡೆಹಿಡಿಯುವ ಸಾಧ್ಯತೆಯಿದೆಯೆಂದು, ಕಂಪನಿಯೇ ಅವರನ್ನು ತೆಗೆದಿದ್ದರೆ ಸಹಿ ಮಾಡಿದ ಪತ್ರವನ್ನು ಕಾಗದದಲ್ಲಿಯೇ ಕೊಡಬೇಕಿತ್ತೆಂದು, ಅದು ಕೈಸೇರಿದ 3 ವಾರಗಳೊಳಗೆ ಕಾರ್ಮಿಕ ನ್ಯಾಯಾಲಯದ ಮೊರೆ ಹೋಗಬಹುದಿತ್ತೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಮಕ್ಕಳ ಶಾಲೆಯನ್ನು ನಡುವರ್ಷದಲ್ಲಿ ಬಿಡಿಸಿಕೊಂಡು ಅವರು ಊರಿಗೆ ಮರಳಿದರು. ತಿಳಿದಿದ್ದರೆ ತಡೆಯಬಹುದಿತ್ತಲ್ಲಾ ಎಂಬ ನೋವು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆದ್ದರಿಂದ ಯಾರೇ ಕಾಗದ ಕೊಟ್ಟರೂ ಮನೆಗೆ ಒಯ್ದು ಓದುತ್ತೇನೆಂದು ಹೇಳಿ. ಇಲ್ಲಿ ಯಾರೂ ಅದನ್ನು ಅವಮಾನವೆಂದು ಭಾವಿಸುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ನೌಕರರೇ ಆರಿಸಿದ 'ಬೆಟ್ರೀಬ್ಸ್‌ರಾಟ್' ಎಂಬ ಮಂಡಳಿ ಸಾಮಾನ್ಯವಾಗಿ ಇರುತ್ತದೆ, ಅದರ ಅಭಿಪ್ರಾಯ ಕೇಳದೆ ಯಾರನ್ನೂ ವಜಾ ಮಾಡುವಂತಿಲ್ಲ. ಸೇರಿದ ಮೊದಲ ವಾರದಲ್ಲಿಯೇ ಅವರ ಪರಿಚಯ ಮಾಡಿಕೊಳ್ಳಿ. ವಿಭಾಗದಲ್ಲಿ ಕೆಲವರನ್ನು ಕಡಿಮೆ ಮಾಡಬೇಕಾದಾಗ ಸೇವಾವಧಿ, ವಯಸ್ಸು, ಸಂಸಾರದ ಹೊಣೆ, ಅಂಗವೈಕಲ್ಯಗಳನ್ನು ನೋಡುತ್ತಾರೆ. ಹೊಸಬರೂ ಅವಿವಾಹಿತರೂ ಆದ ನಿಮಗೆ ಆ ಲೆಕ್ಕ ಅನುಕೂಲವಲ್ಲ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆಂದು ಸುಮ್ಮನಿರದೆ ಸಂಜೆಯ ಜರ್ಮನ್ ತರಗತಿಗೆ ಸೇರಿಕೊಳ್ಳಿ. ಹೊರದೇಶದ ನುರಿತ ಉದ್ಯೋಗಿಗಳಿಗೆ ಕೊಡುವ 'ಬ್ಲೂ ಕಾರ್ಡ್' ಎಂಬ ವಾಸದ ಪರವಾನಗಿ ಇರುವವರು ದಿನಬಳಕೆಗೆ ಸಾಕಾಗುವ ಬಿ1 ಮಟ್ಟದ ಭಾಷೆ ಕಲಿತರೆ 21 ತಿಂಗಳಲ್ಲಿ, ಆರಂಭದ ಮಟ್ಟವಾದ ಎ1 ಮಾತ್ರವಾದರೆ 27 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಪಡೆಯಬಹುದು. ಅದು ಕೈಗೆ ಬಂದ ಮೇಲೆ ಕೆಲಸ ಹೋದರೂ ದೇಶ ಬಿಡಬೇಕಾದ ಆತಂಕವಿರುವುದಿಲ್ಲ.