ಟ್ರಯಲ್‌ಗೆ ಸೇರಲು ಮಾತ್ರೆ ಮುಚ್ಚಿಡಲು ಹೊರಟ ಟೀಚರ್

(ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹಾಸನದ ನನ್ನ ಕೋಣೆಗೆ ಬಂದವರು ಮೊದಲು ಕೇಳಿದ್ದು, "ಮೇಡಂ, ಟಾಯ್ಲೆಟ್ ಎಲ್ಲಿದೆ?" ಕೂತು ಹತ್ತು ನಿಮಿಷ ಆಗಿರಲಿಲ್ಲ, ಮತ್ತೆ ಎದ್ದರು. ಸಕಲೇಶಪುರದ ಕಡೆ ಪ್ರೈಮರಿ ಶಾಲೆ ಟೀಚರ್. ವಯಸ್ಸು ನಲವತ್ತರ ಹತ್ತಿರ. ಎಂಎಸ್ ಎಂದು ಗೊತ್ತಾಗಿ 8 ವರ್ಷ.

ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ಇದರಲ್ಲಿ ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ. ಕಾಲು ಎಳೆಯುವುದು, ಕಣ್ಣು ಮಂಜಾಗುವುದು ಎಲ್ಲರಿಗೂ ಕಾಣುತ್ತದೆ. ಮೂತ್ರಚೀಲದ ತೊಂದರೆ ಕಾಣುವುದಿಲ್ಲ. ಒಂದಕ್ಕೆ ಬಂತು ಅನ್ನಿಸಿದರೆ ಒಂದು ನಿಮಿಷವೂ ತಡೆಯಲಾಗದು. ಹೋದರೆ ಪೂರ್ತಿ ಬರುವುದೂ ಇಲ್ಲ. ಅವರು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮದುವೆಮನೆಗಳಿಗೆ ಹೋಗಿ ಎರಡು ವರ್ಷ ಆಗಿತ್ತು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಂಎಸ್ ಇರುವವರ ಮೂತ್ರದ ತೊಂದರೆಗೆ ಹೊಸ ಔಷಧಿಯ ಟ್ರಯಲ್ ನಡೆಯುತ್ತಿದೆ ಎಂದು ಪರಿಚಯದವರೊಬ್ಬರು ಅವರಿಗೆ ಹೇಳಿದ್ದರು. ಯಾರು ಸೇರಬಹುದು ಅನ್ನುವ ಹಾಳೆಯ ಫೋಟೋ ಮೊಬೈಲಿನಲ್ಲಿತ್ತು. ಇತ್ತೀಚೆಗೆ ಎಂಎಸ್ ಉಲ್ಬಣಿಸಿರಬಾರದು. ಯೂರಿನ್ ಇನ್‌ಫೆಕ್ಷನ್ ಇರಬಾರದು. ಮೂತ್ರಚೀಲ ಸಡಿಲಿಸುವ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿರಬಾರದು. ಒಂದಕ್ಕೆ ಹೋದ ಮೇಲೆ ಒಳಗೆ ಇಂತಿಷ್ಟಕ್ಕಿಂತ ಜಾಸ್ತಿ ಉಳಿದಿರಬಾರದು.

"ಮಾತ್ರೆ ವಿಷಯ ಹೇಳಲ್ಲ ಮೇಡಂ. ಹೋದ ತಿಂಗಳ ಇನ್‌ಫೆಕ್ಷನ್ನೂ ಹೇಳಲ್ಲ. ಹೇಳಿದ್ರೆ ತೆಗೊಳ್ಳಲ್ಲ ಅಲ್ವಾ?"

ನನಗೆ ಸಂಕಟವಾಯಿತು. ಬೈಯಬೇಕು ಅನ್ನಿಸಲಿಲ್ಲ. ಕ್ಲಾಸಿನ ಮಧ್ಯೆ ಸೀರೆ ಒದ್ದೆಯಾಗಿ, ಮಕ್ಕಳೆಲ್ಲ ಹೊರಗೆ ಹೋಗುವವರೆಗೆ ಕುರ್ಚಿಯಿಂದ ಏಳದೆ ಕೂತಿದ್ದನ್ನು ಅವರು ಆಗಷ್ಟೇ ಹೇಳಿದ್ದರು. ಅಂಥವರು ಒಂದು ಬಾಗಿಲು ಕಂಡರೆ ತಳ್ಳಿಕೊಂಡಾದರೂ ಒಳಗೆ ಹೋಗಲು ನೋಡುತ್ತಾರೆ.

ನಾನು ಡಾಕ್ಟರ್ ಅಲ್ಲ. ಆದರೂ ಆ ಹಾಳೆಯ ಒಂದೊಂದು ಸಾಲೂ ಯಾಕಿದೆ ಎಂದು ಇಬ್ಬರೂ ಕೂತು ಓದಿದೆವು. ಅವರು ಈಗ ನುಂಗುವ ಮಾತ್ರೆ ಮೂತ್ರಚೀಲವನ್ನು ಸಡಿಲಿಸುತ್ತದೆ. ಟ್ರಯಲ್ ಔಷಧಿಯೂ ಅದೇ ಕೆಲಸಕ್ಕೆ. ಮುಚ್ಚಿಟ್ಟು ಎರಡೂ ಸೇರಿದರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಇನ್‌ಫೆಕ್ಷನ್ ಆದಾಗ ಎಂಎಸ್ ಲಕ್ಷಣಗಳೂ ಕೆರಳುತ್ತವೆ. ಹೋದ ತಿಂಗಳು ಜ್ವರದ ಜೊತೆ ಕಾಲು ಸೋತಿದ್ದು ಅದಕ್ಕೇ ಇರಬಹುದು, ನರರೋಗ ತಜ್ಞರಿಗೆ ಹೇಳಲೇಬೇಕು ಎಂದೆ. ಇನ್ನೊಂದು ಮಾತನ್ನೂ ಹೇಳಿದೆ. ಟ್ರಯಲ್ ಅಂದರೆ ಚಿಕಿತ್ಸೆ ಅಲ್ಲ, ಪರೀಕ್ಷೆ. ನಿಮ್ಮ ಪಾಲಿಗೆ ಔಷಧಿಯೇ ಇಲ್ಲದ ಸುಮ್ನೆ ಮಾತ್ರೆಯೂ ಬರಬಹುದು. ಇದು ಅವರಿಗೆ ಗೊತ್ತೇ ಇರಲಿಲ್ಲ. ತುಂಬಾ ಹೊತ್ತು ಮಾತಾಡಲಿಲ್ಲ.

ಕೊನೆಯ ಸಾಲಿನ ಹತ್ತಿರ ನಾನೇ ನಿಂತೆ. "ಒಳಗೆ ಎಷ್ಟು ಉಳಿಯುತ್ತದೆ ಅಂತ ಯಾವಾಗಾದರೂ ನೋಡಿದ್ದಾರಾ?" ಎಂದು ಕೇಳಿದೆ. 8 ವರ್ಷದಲ್ಲಿ ಒಮ್ಮೆಯೂ ಯಾರೂ ನೋಡಿರಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಒಂದಕ್ಕೆ ಹೋಗಿ ಬಂದ ತಕ್ಷಣ ಹೊಟ್ಟೆಯ ಮೇಲೆ ಮಾಡುವ ಒಂದು ಸ್ಕ್ಯಾನ್ ಅಷ್ಟೆ, ನೋವೂ ಇಲ್ಲ.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ ಟ್ರಯಲ್ ಬಗ್ಗೆ ಇರಲಿಲ್ಲ. ಯೂರಾಲಜಿಸ್ಟ್, ಅಂದರೆ ಮೂತ್ರರೋಗ ತಜ್ಞರ ಹತ್ತಿರ ಆ ಸ್ಕ್ಯಾನ್ ಮಾಡಿಸಿ ಎಂದೆ. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮೂರು ದಿನ ಎಷ್ಟು ಕುಡಿದಿರಿ, ಎಷ್ಟು ಸಲ ಹೋದಿರಿ, ಎಷ್ಟು ಬಂತು, ಯಾವಾಗ ಸೋರಿತು, ಎಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ನೀರು ಬಿಡಬೇಡಿ, ಮೂತ್ರ ಗಟ್ಟಿಯಾದಷ್ಟೂ ಉರಿ, ಇನ್‌ಫೆಕ್ಷನ್ ಹತ್ತಿರ. ಕಾಫಿ ಕಡಿಮೆ ಮಾಡಿ. ತೋಟದ ಮನೆಯವರಿಗೆ ಈ ಮಾತು ಹೇಳುವುದು ಕಷ್ಟ, ಅವರು ದಿನಕ್ಕೆ ಆರು ಲೋಟ ಕುಡಿಯುತ್ತಿದ್ದರು!

ಟ್ರಯಲ್ ಬಗ್ಗೆಯೂ ಹೇಳಿದೆ. 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಯಾರಿಗೆ ಅರ್ಹತೆ, ಯಾರಿಗಿಲ್ಲ ಎಂದು ಅಲ್ಲೇ ಇರುತ್ತದೆ. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು. ಆದರೆ ನೀವು ಸುಳ್ಳು ಹೇಳಿ ಸೇರಿದ್ದರೆ, ಏನಾದರೂ ಆದಾಗ ಡಾಕ್ಟರಿಗೆ ನಿಜವಾದ ಕಾರಣವೇ ಸಿಗುವುದಿಲ್ಲ.

ಸ್ಕ್ಯಾನ್‌ನಲ್ಲಿ 240 ಮಿಲಿಲೀಟರ್ ಉಳಿದಿತ್ತು. 100 ದಾಟಿದರೇ ವೈದ್ಯರು ಯೋಚಿಸುತ್ತಾರೆ. ಪದೇ ಪದೇ ಅರ್ಜೆಂಟ್ ಆಗುತ್ತಿದ್ದದ್ದಕ್ಕೂ ಇನ್‌ಫೆಕ್ಷನ್‌ಗೂ ಇದು ದೊಡ್ಡ ಕಾರಣ ಎಂದರು ಯೂರಾಲಜಿಸ್ಟ್. ಟ್ರಯಲ್‌ನ ಕೋಆರ್ಡಿನೇಟರ್‌ಗೆ ಟೀಚರೇ ಫೋನ್ ಮಾಡಿ ಎಲ್ಲ ನಿಜ ಹೇಳಿದರು. ಈ ಟ್ರಯಲ್‌ಗೆ ಆಗುವುದಿಲ್ಲ ಎಂದು ಉತ್ತರ ಬಂತು. ಅವತ್ತು ನನ್ನ ಎದುರಿಗೇ ಅತ್ತರು. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಜೊತೆಗೆ ಕೂತೆ.

ಈಗ ನರ್ಸ್ ಒಬ್ಬರ ಹತ್ತಿರ ತಾವೇ ಕ್ಯಾತಿಟರ್ ಹಾಕಿಕೊಳ್ಳುವುದನ್ನು ಕಲಿತಿದ್ದಾರೆ. ಒಳಗೆ ಉಳಿದ ಮೂತ್ರವನ್ನು ಹೊರಗೆ ಬಿಡುವ ತೆಳ್ಳಗಿನ ನಳಿಕೆ, ಕೆಲಸ ಮುಗಿದ ತಕ್ಷಣ ತೆಗೆಯುವುದು. ಮೊದಲ ವಾರ ಕೈ ನಡುಗುತ್ತಿತ್ತಂತೆ. ಈಗ ರಾತ್ರಿ ಐದು ಸಲ ಏಳುತ್ತಿದ್ದದ್ದು ಎರಡಕ್ಕೆ ಇಳಿದಿದೆ. ಬೆಂಗಳೂರಿಗೆ ಹೋಗಬೇಕಾದರೆ ಬಸ್ ಬಿಟ್ಟು ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಹಿಡಿಯುತ್ತಾರೆ, ಅದರಲ್ಲಿ ಟಾಯ್ಲೆಟ್ ಇರುತ್ತದಲ್ಲ.

ಗಂಡನಿಗೆ ಮಾತ್ರ ಕ್ಯಾತಿಟರ್ ವಿಷಯ ಇನ್ನೂ ಹೇಳಿಲ್ಲ. ಮುಂದಿನ ಸಲ ಇಬ್ಬರೂ ಬರುತ್ತೇವೆ ಎಂದಿದ್ದಾರೆ.